ಗೋಡೆಯ ಮೇಲಿನ ಬೆಟ್ಟ

ತೊಂಬತ್ತರ ದಶಕದಲ್ಲಿ ನಾವು ಇಂದಿರಾನಗರದಲ್ಲಿ ಮನೆ ಕಟ್ಟಿಸುವಾಗ ಹಲಸೂರಿನಿಂದ ಸೈಕಲ್ ಮೇಲೆ ಒಬ್ಬ ಮೇಸ್ತ್ರಿ ಬರುತ್ತಿದ್ದರು. ಯಾವ ಕಲ್ಲು ಬಂದಿಳಿದರೂ ಅಂಗೈಯಿಂದ ಸವರಿ, "ಕಲ್ಲಿಗೂ ಒಂದು ಊರಿರುತ್ತೆ ಸಾರ್" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಅಡುಗೆಮನೆಗೂ ಮೆಟ್ಟಿಲಿಗೂ ಕರಿ ಗ್ರಾನೈಟ್ ಹಾಕಿ ಮುಗಿದಿತ್ತು. ಹಾಲ್‌ನ ನೆಲಕ್ಕೂ ಅದೇ ಆಗಬೇಕೆಂದು ಅಪ್ಪ ಹಟ ಹಿಡಿದರು. ಮೇಸ್ತ್ರಿ ವಾದ ಮಾಡಲಿಲ್ಲ. ವಾಚ್‌ಮನ್ ಒಲೆಯಿಂದ ಇದ್ದಿಲು ತಂದು ಹಾಲ್‌ನ ಹೊಸ ಗೋಡೆಯ ಮೇಲೆ ಬೆಟ್ಟವೊಂದನ್ನು ಬರೆದರು. ಬಂಡೆ, ಪೊದೆ, ತುದಿಯಲ್ಲಿ ಮೇಯುವ ಎರಡು ಆಡು. ಸಿಮೆಂಟು ತಿಂದ ಆ ಬೆರಳುಗಳಲ್ಲಿ ಇಂಥ ಗೆರೆ ಅಡಗಿತ್ತೆಂದು ನಮಗೆ ಗೊತ್ತೇ ಇರಲಿಲ್ಲ.

"ಇದು ನಿಮ್ ಅಡುಗೆಮನೆ" ಎಂದು ಒದ್ದೆ ಬಟ್ಟೆಯಿಂದ ಬೆಟ್ಟದ ಬುಡ ಒರೆಸಿದರು. "ಇದು ಮೆಟ್ಟಿಲು." ಪೊದೆಗಳು ಹೋದವು. ಬಟ್ಟೆಯನ್ನು ಆಡುಗಳ ಕಾಲ ಬಳಿ ಹಿಡಿದು, ಅಪ್ಪನ ಕಡೆ ತಿರುಗಿದರು. "ಹಾಲ್‌ಗೆ ಒರೆಸ್ಲಾ ಸಾರ್?"

ಅಪ್ಪ ಅವರ ಕೈ ತಡೆದರು. "ಬೇಡ ಮೇಸ್ತ್ರಿ. ರೆಡ್ ಆಕ್ಸೈಡ್ ನೆಲಾನೇ ಹಾಕ್ಬಿಡಿ."

"ಒರೆಸಿದ್ದನ್ನೂ ಮತ್ತೆ ಬರ್ದುಬಿಡಿ" ಎಂದಳು ಅಮ್ಮ.

ಮೇಸ್ತ್ರಿ ಇದ್ದಿಲನ್ನು ಕಿಟಕಿಯ ಮೇಲಿಟ್ಟರು.

"ಇಲ್ಲಿ ಬರೀಬೋದಮ್ಮ. ಅಲ್ಲಿ ಬೆಟ್ಟ ಮತ್ತೆ ಬೆಳೆಯಲ್ವಲ್ಲ."