ಸವಣೂರಿನ ಚಕ್ಕಡಿಯ ಕೆಳಗಿನ ಅಂಕಿ

ಹಿರೇಕೆರೂರಿನಿಂದ ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ಮೊಮ್ಮಗಳು ಸುಧಾನೂ ಹೊರಟೆವು. ಹೆಣ್ಣುಮಕ್ಕಳಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲ. ಕಾರ್ಡು ತೋರಿಸಿದರೆ ಸೊನ್ನೆಯ ಚೀಟಿ ಹರಿದು ಕೊಡುತ್ತಾರೆ. ನನಗೆ ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಹೊರಗೆ ಶ್ರಾವಣದ ಜಿಟಿಜಿಟಿ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು; ಮೋಟಾರು ಕಲಿತ ಹುಡುಗಿ ನನ್ನನ್ನೇ ದಾರಿ ತೋರಿಸಲು ಕರೆದಿದ್ದಳು. ಆ ಸಂತೋಷಕ್ಕೆ ಚಹಾ ಕುಡಿಯುವುದನ್ನೂ ಮರೆತು ಹೊರಟಿದ್ದೆ.

ಸುಧಾ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಹಳೆಯ ಕಾರುಗಳ ಕೆಲಸ ಮಾಡುತ್ತಾಳೆ. ಅಲ್ಲಿಗೆ ಅಮೆರಿಕದ ಕಾರೊಂದು ಬಂದಿದೆ. ಎರಡೇ ಬಾಗಿಲು, ಉದ್ದ ಮೂತಿ, ಚಾಲು ಮಾಡಿದರೆ ನೆಲ ನಡುಗುತ್ತಿತ್ತಂತೆ. ಆದರೆ ಅದರ ಹಿಂದಿನ ಅಚ್ಚು, ಅಂದರೆ ಎರಡು ಹಿಂದಿನ ಗಾಲಿಗಳನ್ನು ಹಿಡಿದಿರುವ, ನಡುವೆ ಹಲ್ಲುಚಕ್ರ ತುಂಬಿದ ಉಬ್ಬು ಹೊಟ್ಟೆಯ ದಪ್ಪ ಕಬ್ಬಿಣದ ನಳಿಗೆ, ಬೇರೆ ಯಾವುದೋ ಗಾಡಿಯದು. ಮೂಲದ್ದು ಕೆಟ್ಟಾಗ ಅದನ್ನು ಹಿರೇಕೆರೂರಿನಲ್ಲಿ ಎತ್ತಿನ ಚಕ್ಕಡಿ ಮಾಡುವವರಿಗೆ ಕೊಟ್ಟಿದ್ದರಂತೆ. ಆ ಚಕ್ಕಡಿ ಮಾಡುವವರು ನಮ್ಮ ಯಜಮಾನರೇ. ಅವರು ತೀರಿಕೊಂಡು ಎಂಟು ವರ್ಷವಾಯಿತು.

ಮೇಸ್ತ್ರಿ ಸುಧಾಗೆ ಒಂದೇ ಮಾತು ಹೇಳಿದ್ದ: "ಮೂಲ ಅಚ್ಚು ಹುಡುಕಿ ತಂದ್ರ ಇಡೀ ಕಾರು ನೀನ ಜೋಡಸು. ಇಲ್ಲಾಂದ್ರ ಎಂದಿನಂಗ ನಟ್ಟು ಬೋಲ್ಟು ತೊಳಕೋತ ಕುಂದ್ರು." ಮೂರು ವರ್ಷದಿಂದ ಅವಳು ತೊಳೆಯುತ್ತಲೇ ಇದ್ದಾಳೆ.

ಅಂಥ ಡೊಳ್ಳುಹೊಟ್ಟೆಯ ಅಚ್ಚು ನಮ್ಮ ಅಂಗಳಕ್ಕೆ ಬಂದದ್ದು ಒಂದೇ ಸಲ. ಅದು ಸವಣೂರಿನ ಬಾಬುಸಾಬರ ಚಕ್ಕಡಿಗೆ ಹೋಯಿತು. ಅವರು ತಮ್ಮ ತೋಟದ ವೀಳ್ಯದೆಲೆ ಬುಟ್ಟಿ ತುಂಬಾ ತಂದಿದ್ದರು, ಹೇಗೆ ಮರೆಯಲಿ?

ಹಾನಗಲ್ಲಿನಲ್ಲಿ ಇಳಿದು ಬಿಸಿ ಮಿರ್ಚಿ ಭಜಿ ತಿಂದು ಚಹಾ ಕುಡಿದೆವು. ಶಿಗ್ಗಾಂವಿಯ ಬಸ್ಸಿನಲ್ಲಿ ಕಂಡಕ್ಟರ್ ಸುಧಾಳ ನಟ್ಟು ಬಿಚ್ಚುವ ಪಾನಾಗಳ ಚೀಲ ನೋಡಿ ನಕ್ಕ. "ಏನವ್ವಾ, ಬಸ್ಸು ಬಿಚ್ಚಾಕ ಹೊಂಟೀರೇನು?"

"ನಿಂತ್ರ ಬಿಚ್ತೇವಪಾ, ಸೀಟಿ ಹೊಡಿ," ಎಂದೆ.

ದಾರಿಯಲ್ಲಿ ಸುಧಾ ನನಗೆ ಪಾಠ ಹೇಳಿದಳು. "ಆಯಿ, ಕಾರಿನ ಬಲಗಡಿ ನಳಿಗಿ ಮ್ಯಾಲ, ಮುಂದಿನ ಮುಖಕ್ಕ ಅಂಕಿ ಬಡಿದಿರ್ತಾರ. ಮೊದಲ ಎರಡು ಇಂಗ್ಲಿಷ್ ಅಕ್ಷರ, ಅವು ಒಳಗಿನ ಹಲ್ಲಿನ ಲೆಕ್ಕ. ಆಮ್ಯಾಲ ತಿಂಗಳು, ತಾರೀಖು."

"ಜಾತಕ ಅನ್ನು."

"ಹೂಂ, ಜಾತಕನ. ಕಾರು ಹುಟ್ಟಿದ್ದು ಏಪ್ರಿಲ್‌ನ್ಯಾಗ. ಅಚ್ಚು ಅದಕ್ಕಿಂತ ಸ್ವಲ್ಪ ಮೊದಲ ಹುಟ್ಟಿರಬೇಕು. ತಡಾ ಹುಟ್ಟಿದ್ರ ಅದು ಇದರದಲ್ಲ."

ಶಿಗ್ಗಾಂವಿಯಲ್ಲಿ ಮುಕ್ಕಾಲು ತಾಸು ಕಾದು ಇನ್ನೊಂದು ಬಸ್ಸು ಹಿಡಿದು ಹನ್ನೊಂದಕ್ಕೆ ಸವಣೂರು ಮುಟ್ಟಿದೆವು. ಬಾಬುಸಾಬರಿಗೆ ಹಲ್ಲು ಹೋಗಿದೆ, ನಗು ಹೋಗಿಲ್ಲ. "ಬರ್ರಿ ಅಕ್ಕಾರ, ಕುಂದರ್ರಿ. ಚಕ್ಕಡಿ ಐತಿ. ಟ್ರ್ಯಾಕ್ಟರ್ ಬಂದಾಗಿಂದ ಅದರ ಮ್ಯಾಲ ಕೋಳಿ ಸವಾರಿ ಮಾಡ್ತಾವ."

ತೋಟದ ಅಂಚಿನ ಬೇವಿನ ಮರದಡಿ ಚಕ್ಕಡಿ ನಿಂತಿತ್ತು. ಅಚ್ಚಿನ ಹೊಟ್ಟೆಗೆ ಡಾಂಬರು ಮೆತ್ತಿದ ಗೋಣಿತಟ್ಟು ಸುತ್ತಿದ್ದರಿಂದ ಅದರ ಹಿಂದು ಮುಂದು ತಿಳಿಯುತ್ತಿರಲಿಲ್ಲ. ಸುಧಾ ಸೀಮೆಎಣ್ಣೆ, ಬ್ರಷ್ಷು ಹಿಡಿದು ಬಲಗಡೆ ಕೆಳಗೆ ನುಸುಳಿದಳು. ವರ್ಷ ವರ್ಷ ಬಳಿದ ಹಸಿರು, ಕೆಂಪು ಬಣ್ಣ ಒಂದೊಂದಾಗಿ ಎದ್ದು ಬಂತು.

"ಸಿಕ್ತು! ಸೊನ್ನಿ... ಎಂಟು." ಬ್ರಷ್ಷಿನ ಸದ್ದು ನಿಂತಿತು. "ಎಂಟನೇ ತಿಂಗಳು, ಆಯಿ. ಆಗಸ್ಟ್. ಅಕ್ಷರ, ಮುಂದಿನ ಅಂಕಿ ಎಲ್ಲಾ ಸವದಾವು. ಇದಲ್ಲ."

ಹೊರಗೆ ಬಂದು ಬಹಳ ಹೊತ್ತು ಕೈ ಒರೆಸಿಕೊಂಡಳು. ಆ ಮುಖ ನನಗೆ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಾನೇ ಕೆಳಗೆ ಹೊರಟೆ. "ಬ್ಯಾಡ್ರಿ ಅಕ್ಕಾರ, ಹೊರಗ ಬರಾಕ ಆಗಂಗಿಲ್ಲ," ಎಂದರು ಬಾಬುಸಾಬರು. "ಆಗಲಿಲ್ಲಾಂದ್ರ ಎತ್ತು ಹೂಡಿ ಎಳೀರಿ," ಎಂದು ಅಂಗಾತ ಮಲಗಿ ಆ ಅಂಕಿಗಳ ಮೇಲೆ ಬೆರಳಾಡಿಸಿದೆ.

"ಹುಚ್ಚಿ! ಇದು ಸೊನ್ನಿ ಅಲ್ಲ, ಒಂದು. ಇದು ಎಂಟಲ್ಲ, ನಾಕು. ತಲಿ ಮ್ಯಾಲ ಎರಡು ಕೋಡು ಕಾಣಂಗಿಲ್ಲೇನು? ಕನ್ನಡ ಅಂಕಿ! ನಿಮ್ಮಜ್ಜನ ಹದಿನಾಕನೇ ಚಕ್ಕಡಿ!"

ಯಜಮಾನರು ಅಂಕಿಯ ಅಚ್ಚುಮೊಳೆಗಳನ್ನು ತಾವೇ ಮಾಡಿಕೊಂಡು ಪ್ರತಿ ಚಕ್ಕಡಿಗೂ ನಂಬರು ಬಡಿಯುತ್ತಿದ್ದರು. ನನಗೆ ಶಾಲೆ ಕಲಿಸಿದ್ದೇ ಆ ಹತ್ತು ಅಂಕಿ. ಆ ಶಾಲೆಗೆ ಕೈ ಮುಗಿಯಬೇಕೆನಿಸಿತು.

"ಹಂಗಾರ ಕಾರ್ಖಾನಿ ಅಂಕಿ ಎಲ್ಲಿ?" ಸುಧಾ ಮತ್ತೆ ಕೆಳಗೆ ತೂರಿ ಬಂದಳು.

ಆಗ ಇನ್ನೊಂದು ನೆನಪಾಯಿತು. "ಹೊಟ್ಟಿಯ ಮೂತಿ ಮುಂದಿದ್ರ ಕಲ್ಲು ಬಡೀತಾವ ಅಂತ ನಿಮ್ಮಜ್ಜ ಅಚ್ಚನ್ನ ಹಿಂದಮುಂದ ತಿರುವಿ ಕೂಡಿಸಿದ್ದ. ಕಾರಿನ ಬಲ ಇಲ್ಲಿ ಎಡ. ಆ ಕಡಿ ನೋಡು, ಹಿಂದಿನ ಮುಖಕ್ಕ."

ಅರ್ಧ ತಾಸು ಉಜ್ಜಿದಳು. ಎರಡು ಇಂಗ್ಲಿಷ್ ಅಕ್ಷರ ಮೂಡಿದವು. ಆಮೇಲೆ 0, 3, 2, 8. ಮಾರ್ಚ್ ಇಪ್ಪತ್ತೆಂಟು! ಸುಧಾ ನಕ್ಕ ರಭಸಕ್ಕೆ ತಲೆ ಹಲಗೆಗೆ ಬಡಿಯಿತು, ಕೋಳಿಗಳು ಹಾರಿದವು.

"ಇಷ್ಟು ವರ್ಷ ಅಮೆರಿಕಾದ ಮ್ಯಾಲ ಗೊಬ್ಬರ ಹೇರೀನಲ್ಲಾ!" ಎಂದು ಬಾಬುಸಾಬರು ಹಣೆ ಹಣೆ ಬಡಿದುಕೊಂಡರು. ಬದಲಿಗೆ ಬೇರೆ ಅಚ್ಚು ಬಂದ ದಿನ ಇದನ್ನು ಟೆಂಪೋದಲ್ಲಿ ಕಳಿಸಲು ಒಪ್ಪಿದರು. ಅವರ ಸೊಸೆ ದಾರಿಯಲ್ಲಿ ತಿನ್ನಲು ಕರಿದ ಖಾರಾ ಕಟ್ಟಿಕೊಟ್ಟಳು, ಜೊತೆಗೆ ವೀಳ್ಯದೆಲೆ. ಆ ಮನೆ ತಣ್ಣಗಿರಲಿ.

ಬಸ್ ಸ್ಟ್ಯಾಂಡಿನಿಂದ ಸುಧಾ ಮೇಸ್ತ್ರಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ನನಗೂ ಕೇಳಲೆಂದು ಸ್ಪೀಕರ್ ಹಾಕಿದ್ದಳು.

"ಶಭಾಸ್! ಕಾರು ನಿಂದ," ಎಂದ ಅವನು. "ಆದ್ರ ಆ ಕನ್ನಡ ಅಂಕಿ ಉಜ್ಜಿ ತಗಿ. ಎಲ್ಲಾ ಒರಿಜಿನಲ್ ಇರಬೇಕು."

ಸುಧಾ ನನ್ನ ಕಡೆ ನೋಡಿದಳು. "ಅದೂ ಒರಿಜಿನಲ್ ಐತ್ರಿ. ಕಾರು ನಾ ಜೋಡಸ್ತೇನಿ, ಅಂಕಿ ಅಲ್ಲೇ ಇರ್ತೈತಿ."

"ಹೂಂ, ಇರಲಿ," ಎಂದ ಮೇಸ್ತ್ರಿ.

ಬಸ್ಸು ತೋಟದ ಮಗ್ಗುಲಲ್ಲೇ ತಿರುಗಿತು. ಬೇವಿನ ಕೆಳಗಿನ ಚಕ್ಕಡಿ ಕಂಡಿತು; ಕೋಳಿಗಳು ಮತ್ತೆ ಹತ್ತಿ ಕೂತಿದ್ದವು. ಸುಧಾ ನನ್ನ ಅಂಗೈ ತೆರೆದು ಬೆರಳಿನಿಂದ ೧೪ ಬರೆದಳು. ಕೋಡು ಮರೆಯಲಿಲ್ಲ.