ಮಾದೇವನ ಎಂಜಿನ್ನಿನ ಕಿವಿ

ನಿನ್ನೆ ನನ್ನ ಓರಗಿತ್ತಿ ಮದುವೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ನಮ್ಮ ನಡುಮನೆಯ ಕನ್ನಡಿಯ ಮುಂದೆ ನಿಂತು ಪೌಡರ್ ಡಬ್ಬಿಯನ್ನು ಜೋರಾಗಿ ಕೊಡವಿದಳು. ಗಂಧದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಡುಗೆಮನೆಯಿಂದಲೇ “ದೂರ ನಿಂತ್ಕೊಳೇ, ಸುಟ್ಕೊಂಡೀಯ!” ಎಂದು ಕೂಗಿಬಿಟ್ಟೆ. ಅವಳು ಸುತ್ತಲೂ ನೋಡಿದಳು. ಬೆಂಕಿ ಎಲ್ಲೂ ಇರಲಿಲ್ಲ. ಮತ್ತೆ ಕನ್ನಡಿಗೆ ತಿರುಗಿ ಹಣೆಗೆ ಬೊಟ್ಟಿಟ್ಟುಕೊಂಡಳು. ಈ ಮನೆಯ ಹೆಂಗಸರಲ್ಲಿ ನನ್ನ ತಲೆಯೇ ಸ್ವಲ್ಪ ಸಡಿಲ ಎಂಬುದು ಅವಳ ಹಳೆಯ ಅಭಿಪ್ರಾಯ.

ತಪ್ಪು ನನ್ನದಲ್ಲ, ನಮ್ಮ ಯಜಮಾನರದ್ದು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಅವರು ಫಿಟ್ಟರ್. ವಾರವೆಲ್ಲ ಕಬ್ಬಿಣದ ಜೊತೆ ಗುದ್ದಾಡಿದವರು ಭಾನುವಾರವಾದರೂ ಸುಮ್ಮನಿರಬೇಕಲ್ಲ? ಹಿತ್ತಿಲಿನಲ್ಲಿ ಹಳೆಯ ಡ್ರಮ್ಮಿನ ಒಳಗೆ ಜೇಡಿಮಣ್ಣು ಮೆತ್ತಿ ಒಲೆ ಮಾಡಿಕೊಂಡಿದ್ದಾರೆ. ನನ್ನ ತಂಗಿಯ ಮದುವೆಗೆಂದು ಕೊಂಡ ಹೇರ್ ಡ್ರೈಯರ್ ಈಗ ಆ ಒಲೆಗೆ ಗಾಳಿ ಊದುತ್ತದೆ. ಅಂಗಡಿಯಲ್ಲಿ ಸಿಗದ ಹಳೆಯ ಎಂಜಿನ್ನುಗಳ ಬಿಡಿಭಾಗಗಳನ್ನು ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ಯುವುದು ಅವರ ಹುಚ್ಚು. ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಕೊಟ್ಟರೆ ಅವಮಾನವಾದವರಂತೆ ಮುಖ ಮಾಡುತ್ತಾರೆ.

ಕೆಲಸ ಕೇಳಿದರೆ ಸುಲಭ. ಜರಡಿ ಹಿಡಿದ ನುಣ್ಣನೆ ಮರಳಿಗೆ ಜೇಡಿಮಣ್ಣು ಬೆರೆಸಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ನೀರು ಚಿಮುಕಿಸಬೇಕು. ಮುರಿದ ಭಾಗವನ್ನು ಅಂಟಿಸಿ, ಎರಡು ಮರದ ಚೌಕಟ್ಟುಗಳ ನಡುವೆ ಆ ಮರಳಿನಲ್ಲಿ ಹೂತು, ಬಲವಾಗಿ ಒತ್ತಬೇಕು. ಆಮೇಲೆ ಚೌಕಟ್ಟು ಬಿಡಿಸಿ ಭಾಗವನ್ನು ಮೆಲ್ಲಗೆ ಎತ್ತಿದರೆ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಕಾದ ಲೋಹ ಸುರಿಯುವುದು. ಎತ್ತುವಾಗ ಮರಳು ಅಂಟದಿರಲೆಂದು ಮೊದಲೇ ನುಣ್ಣನೆ ಪುಡಿ ಉದುರಿಸಬೇಕು. ನಮ್ಮ ಮನೆಯಲ್ಲಿ ಆ ಪುಡಿ ಯಾವುದು, ಯಾರ ಡಬ್ಬಿಯಿಂದ ಹೋಗುತ್ತದೆ ಎಂದು ನಿಮಗೆ ಈಗ ತಿಳಿದಿರಬೇಕು.

ತಾಯಮ್ಮ ನಮ್ಮ ಮನೆಗೆ ಬಂದದ್ದೂ ಒಂದು ಭಾನುವಾರ. ಮೂರು ವರ್ಷದ ಹಿಂದಿನ ಬೇಸಿಗೆ. ನೆತ್ತಿ ಸುಡುವ ಬಿಸಿಲಿನಲ್ಲಿ ಸುತ್ತೂರಿನ ಕಡೆಯಿಂದ ಬಸ್ಸಿನಲ್ಲಿ ಬಂದು, ಗೇಟಿನಾಚೆ ಕೈಚೀಲ ಎದೆಗವುಚಿಕೊಂಡು ನಿಂತಿದ್ದಳು. ನನ್ನ ವಯಸ್ಸಿನವಳೇ. ಹಣೆಯಲ್ಲಿ ಕಾಸಗಲ ಕುಂಕುಮ. ಚೀಲದಿಂದ ಅವಳು ತೆಗೆದದ್ದು ಡೀಸೆಲ್ ಎಂಜಿನ್ನಿನ ಒಂದು ಬ್ರಾಕೆಟ್ಟು. ಎಣ್ಣೆ ಪಂಪನ್ನು ಎಂಜಿನ್ನಿನ ಮೈಗೆ ಹಿಡಿದು ನಿಲ್ಲಿಸುವ, ಅಂಗೈ ಅಗಲದ ತುಂಡು. ಬೋಲ್ಟು ಕೂರುವ ಎರಡು ಕಿವಿಗಳಲ್ಲಿ ಒಂದು ಮುರಿದು ಬೇರೆಯಾಗಿತ್ತು.

“ನಮ್ಮೆಜಮಾನ್ರ ಎಂಜಿನ್ದು ಕನಣ್ಣ. ಇದ ಮಾಡ್ಕೊಡ್ಬೇಕು” ಎಂದಳು.

“ಮಾಡೋಣ. ಯಜಮಾನ್ರನ್ನೂ ಕರ್ಕೊಂಡು ಬಂದಿದ್ರೆ ಅಳತೆ ಕೇಳ್ಬೋದಿತ್ತು” ಎಂದರು ಇವರು.

“ಅವ್ರಿಲ್ಲ.”

ನಾನು ಅಯ್ಯೋ ಎಂದು ಅವಳ ಹಣೆಯ ಕುಂಕುಮ ನೋಡಿದೆ. ಅವಳು ಅದನ್ನು ಗಮನಿಸಿದಳು.

“ಸತ್ತಿಲ್ಲ ಕನಕ್ಕ. ಇಲ್ಲ, ಅಷ್ಟೆಯ.”

ಅವಳ ಗಂಡ ಮಾದೇವ ಕಪಿಲೆಯ ದಡದ ತಮ್ಮ ಹಳ್ಳಿಯಲ್ಲಿ ಎಂಜಿನ್ ಇಟ್ಟುಕೊಂಡು ಸುತ್ತಲಿನವರ ಗದ್ದೆಗೆಲ್ಲ ಹೊಳೆಯ ನೀರು ಎತ್ತಿಕೊಡುತ್ತಿದ್ದನಂತೆ. ಊರವರೆಲ್ಲ ಕರೆಂಟಿನ ಮೋಟಾರು ಹಾಕಿಸಿಕೊಂಡ ಮೇಲೂ ಅವನು ಎಂಜಿನ್ ಬಿಡಲಿಲ್ಲ. ಒಂದು ದಿನ ಈ ಕಿವಿ ಮುರಿಯಿತು. ಬೆಸುಗೆ ಹಾಕಿಸಿಕೊಂಡು ಬರುತ್ತೇನೆಂದು ಟಿ. ನರಸೀಪುರಕ್ಕೆ ಹೋದ. ಬೆಸುಗೆ ಅಂಗಡಿಯವನಿಗೆ ಕೊಟ್ಟು, ಟೀ ಕುಡಿದು ಬರುತ್ತೇನೆ ಅಂದವನು ಮತ್ತೆ ಬರಲಿಲ್ಲ. ಅಂಗಡಿಯವನು ಆ ತುಂಡುಗಳನ್ನು ಬೆಸುಗೆ ಹಾಕದೆ ಹಾಗೆಯೇ ತಾಯಮ್ಮನಿಗೆ ಕೊಟ್ಟಿದ್ದ. ಹುಡುಕದ ಜಾಗವಿಲ್ಲ. ಪೊಲೀಸಿನವರೂ ಹುಡುಕಿದರು. ಹೆಣ ಸಿಗಲಿಲ್ಲ, ಸುಳಿವೂ ಸಿಗಲಿಲ್ಲ. ಎಂಟೊಂಬತ್ತು ವರ್ಷವಾಗಿತ್ತು. ಈಗ ಅವನ ಅಣ್ಣ ರಾಚಣ್ಣ, ಮನೆಯಲ್ಲಿ ಒಂದು ಶುಭಕಾರ್ಯ ಆಗಬೇಕು, ಮೊದಲು ತಮ್ಮನ ಕಾರ್ಯ ಮುಗಿಸಿಬಿಡೋಣ ಎನ್ನುತ್ತಿದ್ದಾನೆ. ಕಾರ್ಯವೆಂದರೆ ತಿಥಿ. ಅಂದರೆ ತಾಯಮ್ಮ ಕುಂಕುಮ ಅಳಿಸಬೇಕು.

“ಆ ಎಂಜಿನ್ ಮ್ಯಾಲ ಬೇರೆಯವ್ರು ಕೈ ಮಡುಗುದ್ರ ಅವ್ರಿಗ ತಡ್ಯಕಿಲ್ಲ ಕನಕ್ಕ. ಉಣ್ತ ಕೂತಿದ್ರೂ ಎಂಜ್ಲು ಕೈಲಿ ಓಡ್ಬತ್ತಿದ್ರು. ಒಂದ್ಸಲ ಓಡ್ಸಿ ನೋಡ್ಬುಡ್ತಿನಿ. ಎಲ್ಲಿದ್ರೂ ಸದ್ದು ಕೇಳ್ತದ, ಬತ್ತರ. ಬರ್ನಿಲ್ಲ ಅಂದ್ರ ಭಾವ ಏಳ್ದಂಗೆ ಕೇಳ್ತಿನಿ.”

ಅವಳು ಬಸ್ಸಿಗೆ ಹೋದ ಮೇಲೆ ಇವರು ಆ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಹಿತ್ತಿಲ ಕಲ್ಲಿನ ಮೇಲೆ ಕೂತರು. “ಒಪ್ಕೋಬಾರ್ದಿತ್ತು ಕಣೇ” ಎಂದರು. “ಆಗಲ್ಲ ಅಂತ ಹೇಳಿ ಕಳಿಸ್ಬೇಕಿತ್ತು ಹಂಗಾದ್ರೆ” ಎಂದೆ. ಆದರೆ ನನಗೂ ಗೊತ್ತಿತ್ತು, ಎಂಜಿನ್ನಿನ ತುಂಡು ಕೈಗೆ ಬಂದ ಮೇಲೆ ಇವರಿಗೆ ‘ಆಗಲ್ಲ’ ಎಂಬ ಮಾತು ಬರುವುದಿಲ್ಲ.

ಮುಂದಿನ ಭಾನುವಾರ ತಾಯಮ್ಮ ಎದುರಿಗೇ ಕೂತಿದ್ದಳು. ಮೊದಲ ಎರಕ ಕೆಟ್ಟಿತು. ಅಚ್ಚು ಒಡೆದು ನೋಡಿದರೆ ಎಲ್ಲ ಸರಿಯಾಗಿದೆ, ಕಿವಿ ಮಾತ್ರ ಇಲ್ಲ. ಹಿಂದೆ ಮುರಿದಿದ್ದ ಆ ಒಂದೇ ಕಿವಿ. ಅಲ್ಲಿಗೆ ತಲುಪುವಷ್ಟರಲ್ಲಿ ಲೋಹ ಆರಿ ನಿಂತುಬಿಟ್ಟಿತ್ತು. “ಬಿಸಿ ಸಾಲ್ದು, ಅಷ್ಟೆ” ಎಂದರು ಇವರು. ಆದರೆ ಅದನ್ನು ಎರಡು ಸಲ ಹೇಳಿದರು.

ಮತ್ತೆ ಅಚ್ಚು ಮಾಡಿದೆವು. ನಾನೇ ಮರಳು ಗುದ್ದಿದೆ. ಪುಡಿ ಉದುರಿಸಿ, ಬ್ರಾಕೆಟ್ಟನ್ನು ಎತ್ತಿದ ಮೇಲೆ ತಾಯಮ್ಮ ಬಗ್ಗಿ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು.

“ಇದು ಅದ್ರ ಗೋರಿಯೇನಣ್ಣ?”

“ಗೋರಿ ಯಾಕಮ್ಮ, ಬಸುರು ಅನ್ಕೋ” ಎಂದು ಇವರು ನಗಿಸಲು ನೋಡಿದರು. ಅವಳು ನಗಲಿಲ್ಲ. ಹಳೆಯ ತುಂಡುಗಳೆರಡನ್ನೂ ಕೈಗೆ ತೆಗೆದುಕೊಂಡು, “ಹಂಗಾರ ಇದ್ನೂ ಒಳಿಕ್ಕ ಹಾಕ್ಬುಡಿ. ಅವ್ರ ಕೈ ಕೊನೇಗ ಮುಟ್ಟಿದ್ದು ಇದ್ನೇಯ” ಎಂದು ಒಲೆಯ ಕಡೆ ಚಾಚಿದಳು.

ಇವರು ಇಕ್ಕಳ ಕೆಳಗಿಟ್ಟರು. ಹಳೆಯದನ್ನು ಕರಗಿಸಿದ ಮೇಲೆ ಈ ಸಲವೂ ಕೆಟ್ಟರೆ ಮತ್ತೆ ಅಚ್ಚು ತೆಗೆಯಲು ಏನೂ ಉಳಿಯುವುದಿಲ್ಲ. ಅದನ್ನು ಬಿಡಿಸಿ ಹೇಳಿದರು. ಅವಳು ಕೇಳಿಸಿಕೊಂಡಳು. ಚಾಚಿದ ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ಇವರು ಇಕ್ಕಳದಲ್ಲಿ ಹಿಡಿದು ಲೋಹ ಕಾಯುತ್ತಿದ್ದ ಮೂಸೆಗೆ ಬಿಟ್ಟರು. ಅದು ಒಂದು ಗಳಿಗೆ ಹಾಗೆಯೇ ತೇಲಿ, ಅಂಚು ಮೆತ್ತಗಾಗಿ, ಕನ್ನಡಿಯಂಥ ಲೋಹದೊಳಗೆ ಮುಳುಗಿತು. ಸುರಿದಾಗ ಮರಳಿನ ತೂತಿನಿಂದ ನೀಲಿ ಉರಿಯೊಂದು ಎದ್ದು ಸಣ್ಣಗೆ ಸಿಳ್ಳೆಯಂಥ ಸದ್ದಾಯಿತು. ಎಷ್ಟೋ ಎರಕ ನೋಡಿದ್ದೇನೆ. ಆವಿ ಹೊರಗೆ ಬರುವಾಗ ಹೀಗಾಗುವುದುಂಟು. ಆದರೂ ತಾಯಮ್ಮ ಅದಕ್ಕೆ “ಹ್ಞೂಂ” ಎಂದು ಉತ್ತರ ಕೊಟ್ಟಳು.

ಈ ಸಲ ಕಿವಿ ಪೂರ್ತಿಯಾಗಿ ಬಂದಿತ್ತು.

ಅದನ್ನು ಅರದಿಂದ ಉಜ್ಜಿ, ತೂತು ಕೊರೆದು, ಇನ್ನೊಂದು ರಜೆಯ ದಿನ ನಾವಿಬ್ಬರೂ ಅವಳ ಹಳ್ಳಿಗೆ ಹೋದೆವು. ಎಂಜಿನ್ ಮನೆ ಹೊಳೆಯ ದಡದಲ್ಲೇ ಇತ್ತು. ಹಂಚಿನ ಸಣ್ಣ ಚಾವಣಿ, ಒಳಗೆ ಜೇಡರ ಬಲೆ. ರಾಚಣ್ಣ ಬೀಗ ತೆಗೆದುಕೊಟ್ಟು ಹೊರಗೆ ಹುಣಸೆ ಮರದ ಬುಡದಲ್ಲಿ ನಿಂತುಕೊಂಡ. ಒಳ್ಳೆಯ ಮನುಷ್ಯ, ದಣಿದ ಮುಖ. “ನಮ್ಗೂ ಆಸೆ ಇಲ್ವಾ ಸಾ? ಎಷ್ಟಂತ ಕಾಯದು?” ಎಂದ ಇವರ ಹತ್ತಿರ. ಇವರು ಬೆಳಗಿನಿಂದ ಎಂಜಿನ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಬ್ರಾಕೆಟ್ಟು ಕೂರಿಸುವಷ್ಟರಲ್ಲಿ ನಡುಮಧ್ಯಾಹ್ನ. ಊರು ಉಂಡು ಮಲಗಿತ್ತು. ಕರೆಂಟಿರಲಿಲ್ಲವಾದ್ದರಿಂದ ದಡದ ಒಂದು ಮೋಟಾರೂ ಓಡುತ್ತಿರಲಿಲ್ಲ. ಹೊಳೆ ಕೂಡ ನಿಂತಂತೆ ಕಾಣುತ್ತಿತ್ತು.

ಇವರು ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು. ತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ತಾನೂ ಹ್ಯಾಂಡಲಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಎಳೆದಾಗ ಅದು ಹಿಡಿದುಕೊಂಡಿತು. ಡುಗ್, ಡುಗ್, ಡುಗ್. ನೆಲ ಅದುರಿತು. ಮಲಗಿದ್ದ ಊರು ಎದ್ದಿತು. ಒಬ್ಬೊಬ್ಬರೇ ಬಾಗಿಲಿಗೆ ಬಂದು, ಗದ್ದೆಬದುವಿಗೆ ಬಂದು ನಿಂತರು. ಯಾರೂ ಹತ್ತಿರ ಬರಲಿಲ್ಲ. ಎಲ್ಲರೂ ಬಸ್ಸಿನ ರಸ್ತೆಯಿಂದ ಇಳಿದುಬರುವ ಕಾಲುದಾರಿಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಪರವೂರಿನವಳು, ಸ್ಕೂಲಿನಲ್ಲಿ ಮಕ್ಕಳಿಗೆ ದೆವ್ವ ಗಿವ್ವ ಸುಳ್ಳು ಎಂದು ಪಾಠ ಹೇಳುವವಳು, ಎಂಜಲು ಕೈಯಲ್ಲಿ ಓಡಿಬರುವ ಗಂಡಸೊಬ್ಬನಿಗಾಗಿ ಕಣ್ಣು ಕಿರಿದು ಮಾಡಿಕೊಂಡು ಕಾದೆ.

ದಾರಿಯಲ್ಲಿ ಬಿಸಿಲು ಮಾತ್ರ ಇತ್ತು.

ಬಹಳ ಹೊತ್ತಾದ ಮೇಲೆ ತಾಯಮ್ಮ ಇವರ ಕಡೆ ತಿರುಗಿ “ಸಾಕು ನಿಲ್ಸಣ್ಣ” ಎಂದಳು. ಇವರು ನಿಲ್ಲಿಸಿದರು. ಗಾಲಿ ಸುತ್ತಿ ಸುತ್ತಿ ನಿಂತಿತು.

ಸದ್ದು ನಿಲ್ಲಲಿಲ್ಲ.

ಡುಗ್, ಡುಗ್, ಡುಗ್. ಅದೇ ಸದ್ದು, ಅದೇ ಲಯ, ಸ್ವಲ್ಪ ದೂರದಲ್ಲಿ, ಹೊಳೆಯಾಚೆ. ಇವರು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದರು. ನಿಂತಿದೆ. ನನ್ನ ಮುಖ ನೋಡಿದರು. ಹುಣಸೆ ಮರದ ಕೆಳಗಿದ್ದ ರಾಚಣ್ಣ ಹೆಗಲ ಮೇಲಿನ ಟವೆಲ್ಲನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇನ್ನಷ್ಟು ಹೊತ್ತು ಓಡಿ, ಯಾರೋ ಕೈಯಾರೆ ನಿಲ್ಲಿಸಿದ ಹಾಗೆ, ಆ ಸದ್ದೂ ನಿಂತಿತು.

“ಕೇಳ್ತ ಭಾವ?” ಎಂದಳು ತಾಯಮ್ಮ.

“ಕೇಳ್ತು ಕನವ್ವ.”

“ಆ ದಡದಲ್ಲಿ ಅವ್ರೆ. ಇನ್ನ ಈ ಕಡಿಕ್ಕ ಬರಕಿಲ್ಲ.” ಸೊಂಟದ ಸೆರಗು ಬಿಡಿಸಿ ತಲೆಯ ಮೇಲೆ ಹೊದ್ದುಕೊಂಡಳು. “ಕಾರ್ಯ ಮಾಡ್ಬುಡಂವ್ ಬುಡಿ.”

ಅವಳು ಅಳಲಿಲ್ಲ. ಅಳುತ್ತಿದ್ದವನು ರಾಚಣ್ಣ.

ನಮ್ಮ ಯಜಮಾನರಿಗೆ ಆ ವಾರ ಊಟ ಸೇರಲಿಲ್ಲ. “ಆ ದಡದಲ್ಲಿ ಯಾರ್ದೋ ಎಂಜಿನ್ ಇದೆ ಕಣೇ. ನಮ್ದು ಕೇಳಿ ಅವ್ರೂ ಸ್ಟಾರ್ಟ್ ಮಾಡಿರ್ತಾರೆ” ಎಂದು ಹೇಳಿಕೊಂಡೇ ಇದ್ದರು. ಕೊನೆಗೆ ಸ್ಕೂಟರ್ ತೆಗೆದುಕೊಂಡು, ಸೇತುವೆ ದಾಟಿ, ಎದುರು ದಡದ ಊರಿಗೇ ಹೋಗಿಬಂದರು. ಬಂದವರು ಹಿತ್ತಿಲ ಕಲ್ಲಿನ ಮೇಲೆ ಕೂತು ನೀರು ಕೇಳಿದರು. ಒಂದು ಚೊಂಬು ಪೂರ್ತಿ ಕುಡಿದರು.

“ಎಂಜಿನ್ ಇತ್ತಾ?”

“ಒಂದೂ ಇಲ್ಲ. ಎಲ್ಲ ಕರೆಂಟ್ ಮೋಟಾರು.”

“ಮತ್ತೆ?”

ಅಲ್ಲಿ ದನ ಮೇಯಿಸುತ್ತಿದ್ದ ಮುದುಕರೊಬ್ಬರು ಸಿಕ್ಕರಂತೆ. ಆ ಮಧ್ಯಾಹ್ನ ಅವರೂ ದಡದಲ್ಲೇ ಇದ್ದರಂತೆ. ಅವರು ಹೇಳಿದ್ದನ್ನು ಇವರು ಹಾಗೆಯೇ ಹೇಳಿದರು: “ಕೇಳ್ದೆ ಕನಪ್ಪ. ಎರಡ್ ಎಂಜಿನ್ ಓಡ್ತಿದ್ದೊ. ಒಂದು ಮೊದ್ಲು ನಿಂತ್ಕತ್ತು, ಇನ್ನೊಂದು ಆಮೇಲ ನಿಂತ್ಕತ್ತು. ಎರಡೂ ನಿಮ್ಮ ದಡದಲ್ಲೇ ಅಲ್ವ?”

ಈ ದಡದವರು ಅದು ಆ ದಡ ಎಂದುಕೊಂಡಿದ್ದರು, ಆ ದಡದವರು ಈ ದಡ ಎಂದುಕೊಂಡಿದ್ದರು. ನಡುವೆ ಇದ್ದದ್ದು ನೀರು.

“ತಾಯಮ್ಮನಿಗೆ ಹೇಳ್ಬೇಡ” ಎಂದರು. ನಾನು ಹೇಳಲಿಲ್ಲ.

ಕಾರ್ಯ ಟಿ. ನರಸೀಪುರದ ಸಂಗಮದಲ್ಲಿ ನಡೆಯಿತು. ನಮ್ಮನ್ನೂ ಕರೆದಿದ್ದರು. ಹೊಳೆಗೆ ಬಿಡಲು ಬೂದಿ ಇರಲಿಲ್ಲವಾದ್ದರಿಂದ ಮಾದೇವನ ಅಂಗಿಯೊಂದನ್ನು ಮಡಿಸಿ, ಹೂವಿಟ್ಟು, ಬಾಳೆ ಎಲೆಯಲ್ಲಿ ಕಟ್ಟಿದ್ದರು. ಮೆಟ್ಟಿಲ ಮೇಲಿಂದಲೇ ಬಿಡಲು ರಾಚಣ್ಣ ಬಗ್ಗಿದ. ತಾಯಮ್ಮ ಅವನ ಕೈ ಹಿಡಿದಳು.

“ಇಲ್ಬ್ಯಾಡಿ ಭಾವ. ತೆಪ್ಪದಲ್ಲಿ ಓಗಿ ನಡು ನೀರ್ಗ ಬುಡಂವ್. ಅಲ್ಲೇ ಅಲ್ವ ಇರದು.”

ಇವರು ನನ್ನ ಕಡೆ ತಿರುಗಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ನಮ್ಮಿಬ್ಬರಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಆ ಮಧ್ಯಾಹ್ನ ಅವಳು ಕಿವಿಗೊಟ್ಟ ಹಾಗೆ ಬೇರೆ ಯಾರೂ ಕಿವಿಗೊಟ್ಟಿರಲಿಲ್ಲ ಎಂದಷ್ಟೇ ನನಗೆ ಅನಿಸುತ್ತದೆ. ತೆಪ್ಪ ಹೊಳೆಯ ನಡುವಿಗೆ ಹೋಗಿ ಒಂದು ಸುತ್ತು ತಿರುಗಿತು. ಅವಳು ಗಂಟನ್ನು ನೀರಿನ ಮೇಲೆ, ಮಲಗಿದ ಮಗುವನ್ನು ಇಳಿಸುವ ಹಾಗೆ ಇಳಿಸಿದಳು. ವಾಪಸ್ಸು ಬಂದಾಗ ಹಣೆ ಖಾಲಿಯಿತ್ತು. “ಬನ್ನಿ ಅಕ್ಕ, ಉಣ್ಣಾಕ ಓಗಂವ್. ಅಣ್ಣಂಗ ಹಸುದ್ಬುಟ್ಟಿರ್ತದ” ಎಂದು ಅವಳೇ ನಮ್ಮನ್ನು ಕರೆದುಕೊಂಡು ಹೊರಟಳು.

ಈಗಲೂ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ತಿಂಗಳಿಗೊಮ್ಮೆ ತಾನೇ ಹ್ಯಾಂಡಲ್ ತಿರುಗಿಸಿ ಎಂಜಿನ್ ಓಡಿಸುತ್ತಾಳಂತೆ, ತುಕ್ಕು ಹಿಡಿಯಬಾರದೆಂದು. ಮತ್ತೆ ಯಾವತ್ತೂ ಎರಡನೆಯ ಸದ್ದು ಕೇಳಿಲ್ಲವಂತೆ.

ನಮ್ಮ ಹಿತ್ತಿಲಿನಲ್ಲಿ ಒಲೆ ಇನ್ನೂ ಉರಿಯುತ್ತದೆ. ಮೊದಲೆಲ್ಲ ಜನ ತುಂಡು ಹಿಡಿದು ಬಂದರೆ ನಾನು ಇವರನ್ನು ಕರೆದು ಒಳಗೆ ಹೋಗಿಬಿಡುತ್ತಿದ್ದೆ. ಈಗ ಗೇಟಿನಲ್ಲೇ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಇವರಿಗೆ ಅದು ಗೊತ್ತು, ಬೇಡವೆನ್ನುವುದಿಲ್ಲ.

ಇವತ್ತು ಬೆಳಿಗ್ಗೆ ದೇವನೂರಿನ ಕಡೆಯ ಹಿರಿಯರೊಬ್ಬರು ಬಂದಿದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ನಾನು ಚಿಲಕದ ಮೇಲೆ ಕೈ ಇಟ್ಟುಕೊಂಡೇ ಕೇಳಿದೆ, “ಈ ಎಂಜಿನ್ ಓಡಿಸ್ತಿದ್ದವರು ಯಾರು?”

“ನಾನೇಯ ಕನವ್ವ. ಇನ್ಯಾರು ಓಡ್ಸರು?”

ನಗಬೇಡಿ, ನಾನು ಅವರ ಪಾದ ನೋಡಿದೆ. ಹಿಮ್ಮಡಿ ಒಡೆದ, ಗದ್ದೆಯ ಕೆಸರು ಮೆತ್ತಿದ ಎರಡು ಪಾದಗಳು, ನನ್ನ ಕಡೆಗೇ ನೆಟ್ಟಗೆ ತಿರುಗಿದ್ದವು. ಚಿಲಕ ತೆಗೆದು, “ಬನ್ನಿ, ಮೊದಲು ಕಾಫಿ ಕುಡೀರಿ” ಎಂದೆ.