ಬಾಯಿ ಸಡಿಲವಿಲ್ಲದ ಸ್ಪ್ಯಾನರ್

ನಮ್ಮ ಈ ಹವ್ಯಾಸಿ ಮೆಕ್ಯಾನಿಕ್ ವೃತ್ತಿಯಿಂದ ಗ್ರಂಥಪಾಲಕ. ಐವತ್ತು ತುಂಬಲು ಇನ್ನೆರಡು ವರ್ಷ. ಹಾರ್ಡ್‌ವೇರ್ ಅಂಗಡಿಯಲ್ಲಿ ಅವನು ಸ್ಪ್ಯಾನರನ್ನು ಅಂಗೈಯಲ್ಲಿ ತೂಗಿ, ಬೆಳಕಿಗೆ ಹಿಡಿದು, ಜೇಬಿನಲ್ಲಿ ತಂದ ನಟ್ಟಿಗೆ ಕೂರಿಸಿ ಅಲ್ಲಾಡಿಸುತ್ತಾನೆ. "ಸಾರ್, ಎಷ್ಟು ಹೊತ್ತು ನೋಡಿದ್ರೂ ಅದು ಮಾತಾಡಲ್ಲ," ಎಂದು ಅಂಗಡಿಯವನು ಆಕಳಿಸಿದರೆ, "ಬಾಯಿ ಸಡಿಲ ಇದ್ರೆ ಮಾತಾಡುತ್ತೆ, ಅದಕ್ಕೇ ನೋಡ್ತಿದೀನಿ," ಎನ್ನುತ್ತಾನೆ. ಮನೆಯ ಗೋಡೆಯಲ್ಲಿ ಸ್ಪ್ಯಾನರುಗಳು ಅಳತೆಯ ಕ್ರಮದಲ್ಲಿ, ಒಂದೊಂದು ಚೀಟಿ ಸಹಿತ, ಎಣ್ಣೆ ಸವರಿಸಿಕೊಂಡು ತೂಗುತ್ತವೆ. ಮಗಳ ಸೈಕಲ್ಲು ಮಾತ್ರ ಪಂಕ್ಚರಿಗೂ ಮೂಲೆಯ ರಿಪೇರಿ ಅಂಗಡಿಗೇ ಹೋಗುತ್ತದೆ. "ಇವುಕ್ಕೆ ಹಚ್ಚೋ ಎಣ್ಣೇಲಿ ಒಂದು ತೊಟ್ಟು ಆ ಚೈನಿಗೂ ಬಿಡಬಾರದಾ?" ಎಂದು ಹೆಂಡತಿ ಕೇಳಿದಾಗ, ಸರಿಯಾದ ಸಲಕರಣೆ ಇನ್ನೂ ಕೈಸೇರಿಲ್ಲವೆಂದು ಹೇಳಿ, ಅವಳಿಗಿಂತ ಮೊದಲು ತಾನೇ ನಗುತ್ತಾನೆ. ಅವನು ಹೇಳದ ಮಾತೊಂದಿದೆ. ನಾಲ್ಕು ವರ್ಷದ ಹಿಂದೆ ಅಗ್ಗದ ಸ್ಪ್ಯಾನರಿನಿಂದ ಮಗಳ ಸೈಕಲ್ಲಿನ ಬ್ರೇಕು ಬಿಗಿಯುವಾಗ ಅದು ಜಾರಿ, ನಟ್ಟಿನ ಮೂಲೆಗಳು ಸವೆದಿದ್ದವು. ಇಷ್ಟು ಸಾಕೆಂದು ಅವನು ಕೈತೊಳೆದುಕೊಂಡಿದ್ದ. ಮನೆಯೆದುರಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿದ್ದ ಮಗಳ ಮೊಣಕೈಗೆ ಆರು ಹೊಲಿಗೆ ಬಿದ್ದವು. ಮೊನ್ನೆ ಅವಳೇ ಸೈಕಲ್ ತಂದು ನಿಲ್ಲಿಸಿ, "ಅಪ್ಪಾ, ಬ್ರೇಕು ಸಡಿಲ ಆಗಿದೆ," ಎಂದಳು. "ಅಂಗಡಿಗೆ ಕೊಡಮ್ಮಾ." "ಅಂಗಡಿಯವರು ಬಿಗಿ ಮಾಡಿದ್ದೇ ಸಡಿಲ ಆಗಿರೋದು. ನೀನೇ ಮಾಡು." ಅವನು ಹತ್ತನೇ ನಂಬರಿನ ಸ್ಪ್ಯಾನರನ್ನು ಗೋಡೆಯಿಂದ ಇಳಿಸಿ ಬಿಗಿದ. ಆಮೇಲೆ, ನೆರೆಹೊರೆಯವರೆಲ್ಲ ನೋಡುತ್ತಿರುವಂತೆಯೇ, ಮೊಣಕಾಲುಗಳನ್ನು ಹ್ಯಾಂಡಲ್ಲಿಗೆ ಬಡಿಸಿಕೊಳ್ಳುತ್ತ ಆ ಪುಟ್ಟ ಸೈಕಲ್ಲೇರಿ ಅದೇ ಇಳಿಜಾರಿನಲ್ಲಿ ಮೂರು ಸಲ ಇಳಿದು, ಮೂರು ಸಲವೂ ಬ್ರೇಕು ಹಿಡಿದು ಸೈಕಲ್ಲು ನಿಂತ ಮೇಲೆಯೇ ಅದನ್ನು ಮಗಳ ಕೈಗೆ ಕೊಟ್ಟ.